ಶಿವನನ್ನು ‘ಇವ’ನಾಗಿಸಿದ ಪಟ್ಟೆಮಡಿ

ಕಾರವಾರದ ಪೇಟೆಯ ಬಟ್ಟೆಯಂಗಡಿಯೊಂದರಲ್ಲಿ ಇಂದು ಬೆಳಿಗ್ಗೆ ನಾನು ಸಣ್ಣದೊಂದು ನಗೆಪಾಟಲಿಗೆ ಕಾರಣನಾದೆ. ಅಂಗಡಿಯವನು ಹತ್ತಿಯ ತೆಳು ಬಟ್ಟೆಯ ಥಾನೊಂದನ್ನು ಬಿಳಿಯ ಗಾದಿಯ ಮೇಲೆ ಉರುಳಿಸಿ ಬಿಡಿಸಿದ. ಹೊಸ ಬಟ್ಟೆಗೆ ಹಾಕಿದ ಗಂಜಿಯ ವಾಸನೆ ಮೂಗಿಗೆ ಬಂತು. ಆ ವಾಸನೆಗೆ ನನ್ನ ಕೈ ತನ್ನಷ್ಟಕ್ಕೆ ತಾನೇ ಎದ್ದಿತೆಂದು ಕಾಣುತ್ತದೆ. ಬಟ್ಟೆಯ ಅಂಚನ್ನು ತುಟಿಯ ಎದುರಿಗೆ ಹಿಡಿದು, ಆಚೆ ಬದಿಗೆ ಅಂಗೈ ಒಡ್ಡಿ, ಕಣ್ಣು ಮುಚ್ಚಿ ಮೆಲ್ಲಗೆ ಊದಿದೆ.

“ಮಾಸ್ತರ್ರೇ, ಅದು ಚಾ ಅಲ್ಲ, ಬಟ್ಟೆ. ಸುಡೂದಿಲ್ಲ,” ಎಂದ ಅಂಗಡಿಯವನು.

ಪಕ್ಕದಲ್ಲಿ ಮದುವೆಯ ಸೀರೆ ಆರಿಸುತ್ತಿದ್ದ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ನಾನೂ ನಕ್ಕೆ. ಅಂಗಿಗೋ ಪಂಚೆಗೋ ಎಂದು ಅವನು ಕೇಳಿದ. ಸ್ಪೀಕರಿಗೆ ಎಂದೆ. ಅವನು ಮುಂದೆ ಏನನ್ನೂ ಕೇಳದೆ ಕತ್ತರಿ ಎತ್ತಿಕೊಂಡ. ವಯಸ್ಸಾದವರ ಜೊತೆ ವಾದಕ್ಕಿಳಿಯಬಾರದೆಂಬ ವಿವೇಕ ನಮ್ಮ ಊರಿನ ವ್ಯಾಪಾರಿಗಳಲ್ಲಿ ಇನ್ನೂ ಉಳಿದಿದೆ. ಅದು ಸಂತೋಷದ ವಿಷಯ.

ಆದರೆ ನೀವು ಹಾಗೆ ಬಿಡುವವರಲ್ಲ. ಸ್ಪೀಕರಿಗೆ ಬಟ್ಟೆ ಏಕೆ, ಅದನ್ನು ಊದಿ ನೋಡುವುದೇಕೆ ಎಂದು ಕೇಳಿಯೇ ಕೇಳುತ್ತೀರಿ. ಕಾರವಾರದಿಂದ ಅಂಕೋಲೆಗೆ ಬಸ್ಸಿನಲ್ಲಿ ಬರುವಷ್ಟು ಹೊತ್ತು ನನಗೆ ಬಿಡುವಿತ್ತು. ಸಮುದ್ರದ ಕಡೆಯ ಕಿಟಕಿಯೂ ಸಿಕ್ಕಿತ್ತು. ಆಗ ನೆನಪಾದದ್ದನ್ನು ನೆನಪಾದ ಕ್ರಮದಲ್ಲಿಯೇ ಹೇಳುತ್ತೇನೆ. ಕ್ರಮ ತಪ್ಪಿದರೆ ಅದು ಬಸ್ಸಿನ ಕುಲುಕಾಟದ ದೋಷವೆಂದು ಎಣಿಸಿರಿ.

ನಮ್ಮ ಮನೆಯಲ್ಲಿ ಮೂವರು. ಅಣ್ಣ, ಅಣ್ಣನ ಹೆಂಡತಿ, ಮತ್ತು ಮದುವೆಯ ಗೋಜಿಗೆ ಹೋಗದೆ ಸಂಸ್ಕೃತ ಮಾಸ್ತರಿಕೆಯಲ್ಲಿಯೇ ತಲೆ ನರೆಸಿಕೊಂಡ ನಾನು. ಅತ್ತಿಗೆ ಕಾರವಾರದ ಕಡೆಯವರು. ಆದ್ದರಿಂದ ಅತ್ತಿಗೆ ಎನ್ನದೆ ‘ವೈನಿ’ ಎಂದು ಕರೆಯುವುದು ಮೊದಲ ದಿನದಿಂದಲೂ ರೂಢಿ. ಅವರು ಈ ಮನೆಗೆ ಬಂದಾಗ ನಾನಿನ್ನೂ ಶಬ್ದರೂಪಗಳನ್ನು ಬಾಯಿಪಾಠ ಮಾಡುವ ವಯಸ್ಸಿನವನು. ಅಂದಿನಿಂದ ಇಂದಿನವರೆಗೆ ಅವರಿಗೆ ನಾನು ‘ತಮಾ’. ಊರಿನವರೆಲ್ಲ ನನ್ನನ್ನು ಪಂಡಿತರೆಂದು ಕರೆಯುವ ಕಾಲದಲ್ಲಿಯೂ ವೈನಿ ಹಿತ್ತಿಲಿನಿಂದ “ತಮಾ, ಕಾಯಿ ಸುಲಿದು ಕೊಡು” ಎಂದು ಕೂಗಿದರೆ ಪಾಂಡಿತ್ಯವೆಲ್ಲ ಅಲ್ಲಿಯೇ ಇಳಿದುಹೋಗುತ್ತಿತ್ತು.

ಅಣ್ಣನಿಗೆ ಒಂದೇ ಶೋಕಿ; ಹಾಡು ಕೇಳುವುದು. ಮಲ್ಲಾಪುರದ ವಸತಿಗೃಹದಲ್ಲಿದ್ದ ಎಂಜಿನಿಯರರೊಬ್ಬರು ವರ್ಗವಾಗಿ ಹೋಗುವಾಗ ತಮ್ಮ ಹಳೆಯ ಸ್ಪೀಕರುಗಳ ಜೋಡಿಯನ್ನು ಅಣ್ಣನಿಗೆ ಒಪ್ಪಿಸಿದ್ದರು. ಈಗಿನ ಪ್ಲಾಸ್ಟಿಕ್ಕಿನ ಡಬ್ಬಗಳಲ್ಲ ಅವು. ಗಟ್ಟಿ ಮರದ, ಮೊಣಕಾಲಿಗಿಂತ ಎತ್ತರದ ಪೆಟ್ಟಿಗೆಗಳು. ಮುಂಭಾಗದಲ್ಲಿ ಕಂದು ಬಣ್ಣದ, ನಡುವೆ ಹೊನ್ನಿನ ಎಳೆಯೋಡಿದ ಬಟ್ಟೆಯನ್ನು ತೆಳುವಾದ ಮರದ ಚೌಕಟ್ಟಿಗೆ ಬಿಗಿದು ಕೂರಿಸಿದ್ದರು. ಚೌಕಟ್ಟಿನ ನಾಲ್ಕು ಮೂಲೆಗಳಲ್ಲಿ ಗೂಟಗಳು. ಎಳೆದರೆ ಚೌಕಟ್ಟು ಬಟ್ಟೆಸಮೇತ ಕೈಗೆ ಬರುತ್ತಿತ್ತು. ದೇವರ ಕೋಣೆಯ ಬಾಗಿಲಿನ ಎರಡೂ ಬದಿಗೆ ಅಣ್ಣ ಅವನ್ನು ದ್ವಾರಪಾಲಕರಂತೆ ನಿಲ್ಲಿಸಿದ. ನಸುಕಿನಲ್ಲಿ ಅವನು ಟೇಪಿನಲ್ಲಿ ಸ್ತೋತ್ರ ಹಚ್ಚುವುದು, ವೈನಿ ರಂಗೋಲಿ ಹಾಕುತ್ತ ಅದನ್ನು ಕೇಳುವುದು, ಕೇಳಿದ್ದನ್ನು ಏಕಾದಶಿಗೆ ಗುಡಿಯ ಭಜನೆಯಲ್ಲಿ ಎತ್ತಿ ಹಾಡುವುದು, ಹೀಗೆ ನಡೆದುಬಂತು. ವೈನಿ ಯಾರ ಬಳಿಯೂ ಸಂಗೀತ ಕಲಿತವರಲ್ಲ. ಅವರ ಗುರುಗಳು ಆ ಎರಡು ಪೆಟ್ಟಿಗೆಗಳೇ.

ಸಮುದ್ರದ ಗಾಳಿ ಯಾವ ಬಟ್ಟೆಯನ್ನೂ ಬಹುಕಾಲ ಬಾಳಗೊಡುವುದಿಲ್ಲ. ಹೊನ್ನಿನ ಎಳೆ ಮೊದಲು ಕಪ್ಪಾಯಿತು. ಆಮೇಲೆ ಬಟ್ಟೆ ಮುಟ್ಟಿದಲ್ಲಿ ಹುಡಿಯಾಗತೊಡಗಿತು. ಕೊನೆಗೊಂದು ದಿನ ಹಲ್ಲಿಯೊಂದು ಆ ಹರಕಿನಿಂದ ತಲೆ ಹೊರಹಾಕಿ, ಸ್ತೋತ್ರದ ನಡುವೆ ಲೊಚಗುಟ್ಟಿತು. ಅಣ್ಣ ಅದನ್ನು ಶುಭಶಕುನವೆಂದ. ವೈನಿ ಹೊಸ ಬಟ್ಟೆ ಹಾಕಿಸಬೇಕೆಂದರು. ನಾನು, “ಯಾರನ್ನೂ ಕರೆಸುವುದು ಬೇಡ, ನಾನೇ ಹಾಕುತ್ತೇನೆ,” ಎಂದೆ.

ನಿವೃತ್ತಿಯಾಗಿ ಕೈಗೆ ಕೆಲಸವಿಲ್ಲದ ಮನುಷ್ಯನ ಉತ್ಸಾಹ ಎಂಥದೆಂಬುದು ಅವನ ಮನೆಯವರಿಗೆ ಮಾತ್ರ ಗೊತ್ತಿರುತ್ತದೆ. ಜಗಲಿಯಲ್ಲಿ ಚಾಪೆ ಹಾಸಿ, ಚೌಕಟ್ಟುಗಳನ್ನು ಬೋರಲು ಹಾಕಿಕೊಂಡು, ತುಕ್ಕು ಹಿಡಿದ ಸಣ್ಣ ಮೊಳೆಗಳನ್ನು ಅಡಕತ್ತರಿಯ ತುದಿಯಿಂದ ಒಂದೊಂದಾಗಿ ಮೀಟಿದೆ. ಬಟ್ಟೆಯಡಿಯ ಅಂಟು ಕಲ್ಲಿನಂತೆ ಗಟ್ಟಿಯಾಗಿತ್ತು. ಬಿಸಿನೀರಿನ ಬಟ್ಟೆಯಿಟ್ಟು ನೆನೆಸಿದಾಗ ಒಂದು ದುರ್ವಾಸನೆ ಎದ್ದಿತು.

“ಎಂಥದೋ ಅದು?” ಎಂದು ವೈನಿ ಮೂಗು ಮುಚ್ಚಿದರು.

“ಸರೇಸು,” ಎಂದ ಅಣ್ಣ, ಪತ್ರಿಕೆಯಿಂದ ಕಣ್ಣೆತ್ತದೆ. “ಎಲುಬು, ಚರ್ಮ ಕುದಿಸಿ ಮಾಡೂದು. ಹಿಂದೆ ಬಡಗಿಗಳೆಲ್ಲ ಅದನ್ನೇ ಹಚ್ಚತಿದ್ರು.”

ನನ್ನ ಕೈ ನಿಂತಿತು. ಇಷ್ಟು ವರ್ಷ ದೇವರ ಕೋಣೆಯ ಹೊಸಿಲಿನಲ್ಲಿ, ಎಲುಬಿನ ಅಂಟಿಗೆ ಅಂಟಿಕೊಂಡ ಬಟ್ಟೆಯ ಮೂಲಕ ನಮಗೆ ಭಗವನ್ನಾಮ ಕೇಳಿಸಿತೇ! ಗರ್ಭಗುಡಿಯಲ್ಲಿ ದೇವರಿಗೆ ಹೊದಿಸುವ ವಸ್ತ್ರಕ್ಕೆ ಒಂದು ಶುದ್ಧಿಯಿದೆ. ನಾಮವೂ ನಾಮಿಯೂ ಬೇರೆಯಲ್ಲವೆಂದು ನಂಬಿದವನು ನಾನು. ಹಾಗಿದ್ದ ಮೇಲೆ ನಾಮ ಹೊರಡುವ ಬಾಯಿಗೆ ಮುಚ್ಚುವ ವಸ್ತ್ರ ಎಂಥದಿರಬೇಕು? ಆ ಮಧ್ಯಾಹ್ನ ಉಂಡ ಮೇಲೆ ಮಲಗದೆ ಇದನ್ನೇ ಚಿಂತಿಸಿದೆ. ಪೆಟ್ಟಿಗೆಯಲ್ಲಿ ತೀರ್ಥರೂಪರು ಪೂಜೆಗೆ ಉಡುತ್ತಿದ್ದ ಪಟ್ಟೆಮಡಿ ಇತ್ತು. ಅಂಚು ಹರಿದದ್ದರಿಂದ ಯಾರೂ ಉಡುತ್ತಿರಲಿಲ್ಲ, ರೇಶ್ಮೆಯಾದ್ದರಿಂದ ಯಾರೂ ಎಸೆದೂ ಇರಲಿಲ್ಲ. ಅದನ್ನೇ ಹಾಕುವುದೆಂದು ನಿಶ್ಚಯಿಸಿದೆ. ಹಳೆಯದಾದ್ದರಿಂದ ಬಾಳಿಕೆ ಬರಲೆಂದು ಎರಡು ಪದರ. ಅಂಟಿಗೆ ಮೈದಾ ಹಿಟ್ಟನ್ನು ತುಳಸಿಕಟ್ಟೆಯ ಪಕ್ಕದ ಬಾವಿಯ ನೀರಿನಲ್ಲಿಯೇ ಕಾಸಿದೆ. ಅಂಚಿಗೆ ಮಾತ್ರ ಹಚ್ಚಿದರೆ ಬಟ್ಟೆ ಸಡಿಲಾದೀತೆಂಬ ದೂರದೃಷ್ಟಿಯಿಂದ ಉದ್ದಗಲಕ್ಕೂ ಬಳಿದೆ. ಒಣಗಿದ ಮೇಲೆ ಬೆರಳಿನಿಂದ ತಟ್ಟಿದರೆ ಮೃದಂಗದ ಬಲಗಡೆಯಂತೆ ‘ಟಂಟಂ’ ಎನ್ನುತ್ತಿತ್ತು. ಹಪ್ಪಳದಂಥ ಬಿಗಿ. ನನಗೆ ಪರಮಾನಂದ.

ಮೇಲೆ ಗಂಧದ ಬೊಟ್ಟನ್ನಿಟ್ಟು ಚೌಕಟ್ಟುಗಳನ್ನು ಕೂರಿಸಿದೆ. ಅಣ್ಣ ಸ್ತೋತ್ರ ಹಚ್ಚಿದ. ಧ್ವನಿ ಮೆತ್ತಗೆ, ಗಂಭೀರವಾಗಿ, ಗುಹೆಯೊಳಗಿನ ಓಂಕಾರದಂತೆ ಹೊರಟಿತು. ಮೈಲಿಗೆ ಕಳೆದ ಧ್ವನಿಯೆಂದರೆ ಹೀಗೇ ಇರುತ್ತದೆಂದು ನಾನು ಎಣಿಸಿದೆ. ಅಣ್ಣನನ್ನು ಕೇಳಿದೆ. ಅವನ ಕಿವಿ ಆಗಲೇ ಮುಕ್ಕಾಲು ಮಂದವಾಗಿತ್ತು. ಆದರೆ ಅದನ್ನು ಅವನೆದುರು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. “ನನಗೆ ಮೊದಲಿನ ಹಾಗೇ ಕೇಳ್ತದೆ,” ಎಂದ. ಅದು ಸತ್ಯವೇ. ವೈನಿಗೆ ಆ ದಿನ ನೆಗಡಿ. ಕಿವಿಗೆ ಹತ್ತಿ ತುರುಕಿಕೊಂಡು ಮಲಗಿದ್ದರು.

ನೆಗಡಿ ಹೋಯಿತು. ಆದರೆ ವೈನಿ ರಂಗೋಲಿಯ ನಡುವೆ ಕೈ ನಿಲ್ಲಿಸಿ ತಲೆ ಓರೆ ಮಾಡಿ ಕೇಳುವುದು ಹೆಚ್ಚಾಯಿತು. ಒಂದು ಬೆಳಿಗ್ಗೆ ನನ್ನನ್ನು ಕರೆದರು.

“ತಮಾ, ಈಗ ಟೇಪಿನವ ಎಂತ ಹಾಡ್ತಿದ್ದಾನೆ?”

“ಶಿವ ಶಿವ ಎನ್ನುತ್ತಿದ್ದಾನಲ್ಲ, ವೈನಿ.”

“ನನಗೆ ‘ಇವ, ಇವ’ ಅಂತ ಕೇಳ್ತದಲ್ಲೋ!”

ಅಣ್ಣನಿಗೆ ಇದು ಹೇಗೋ ಕೇಳಿಸಿಬಿಟ್ಟಿತು. “ತಪ್ಪೇನುಂಟು? ಇವನೂ ಅವನೇ,” ಎಂದು ಚಾ ಹೀರಿದ. ಮೂವರೂ ನಕ್ಕೆವು. ವೈನಿ ನಕ್ಕದ್ದು ಅಂದು ಒಂದೇ ಸಲ. ಮಾರನೆಯ ದಿನ ಕೇಶವನ ನಡುವಿನ ಅಕ್ಷರ ಹಾರಿಹೋಯಿತು. ಶ್ರೀಹರಿ ಬರಿಯ ‘ರೀ ಅರಿ’ಯಾದ. ಅಣ್ಣ ಗುಂಡಿ ತಿರುಗಿಸಿ ಧ್ವನಿಯನ್ನು ಏರಿಸಿದ. ಪಾತ್ರೆಗಳು ಅದುರಿದವೇ ಹೊರತು ಅಕ್ಷರ ಮರಳಲಿಲ್ಲ. ನನ್ನ ಕಿವಿಗೇಕೆ ಈ ಲೋಪ ತಿಳಿಯಲಿಲ್ಲವೆಂದು ನೀವು ಕೇಳಬಹುದು. ಬಾಲ್ಯದಿಂದ ಬಾಯಿಪಾಠ ಮಾಡಿದವನ ಕಿವಿ ಹೊರಗಿನದನ್ನು ಕೇಳುವುದಿಲ್ಲ. ಒಳಗೆ ಇರುವುದನ್ನೇ ತುಂಬಿಕೊಂಡು ತೃಪ್ತವಾಗುತ್ತದೆ. ಶಿವನೆಂದು ನನಗೆ ಗೊತ್ತಿತ್ತು. ಆದ್ದರಿಂದ ಶಿವನೆಂದೇ ಕೇಳುತ್ತಿತ್ತು.

ಹಾರವಾಡದ ಗುಲಾಬಿ ಎಂಬಾಕೆ ವೈನಿಯ ಭಜನೆಯ ಗೆಳತಿ. ಮೀನು ವ್ಯಾಪಾರ ಮುಗಿಸಿ, ಮಿಂದು, ಮುಡಿಗೆ ಅಬ್ಬಲಿ ಹೂ ಸಿಕ್ಕಿಸಿಕೊಂಡು ಏಕಾದಶಿಗೆ ತಪ್ಪದೆ ಬರುವವಳು. ಅವಳ ಗಂಟಲು ಅಲೆಗಳ ಮೇಲಿನಿಂದ ದೋಣಿಯನ್ನು ಕೂಗಿ ಕರೆದ ಗಂಟಲು. ಅವಳೊಮ್ಮೆ ನಮ್ಮ ಅಂಗಳದಲ್ಲಿ ನಿಂತು, “ಬಾಯೀ, ಒಳಗೆ ಸ್ತೋತ್ರ ಹಚ್ಚೀರೋ, ದೋಣಿ ಎಂಜಿನ್ ಹಚ್ಚೀರೋ? ಬರೇ ಗುಡುಗುಡು ಅಂತದೆ,” ಎಂದಳು. ಆ ಮಾತಿನಲ್ಲಿ ರೋಗದ ನಿದಾನವೆಲ್ಲ ಅಡಗಿತ್ತು. ನಾವು ಅದನ್ನು ತಮಾಷೆಯೆಂದು ಬಿಟ್ಟೆವು.

ಆ ಏಕಾದಶಿಗೆ ವೈನಿ ಭಜನೆಗೆ ಹೋದರು, ಆದರೆ ಪದ ಎತ್ತಲಿಲ್ಲ. ಎಲ್ಲರೂ ತಾಳ ಹಿಡಿದು ಅವರ ಮುಖವನ್ನೇ ನೋಡುತ್ತ ಕುಳಿತರು. ವೈನಿ ಗಂಟಲು ಸರಿಯಿಲ್ಲವೆಂದು ಗುಲಾಬಿಯ ಕಡೆಗೆ ಕೈ ತೋರಿಸಿದರು. ಮನೆಗೆ ಬಂದ ಮೇಲೆ ನನ್ನೊಡನೆ ನಿಜ ಹೇಳಿದರು: “ನನ್ನ ಕಿವಿಗೆ ಅರ್ಧ ಅಕ್ಷರ ಬೀಳೂದಿಲ್ಲ. ನಾನು ಎತ್ತಿದ ಪದದಲ್ಲೂ ಅರ್ಧ ಅಕ್ಷರ ಇಲ್ಲದಿದ್ರೆ? ದೇವರ ಎದುರಿಗೆ ಅದನ್ನು ಹ್ಯಾಂಗೆ ಹಾಡಲಿ?”

ಕಾರವಾರದ ಕಿವಿಯ ಡಾಕ್ಟರರ ಬಳಿಗೆ ಕರೆದುಕೊಂಡು ಹೋದೆ. ಗಾಜಿನ ಕೋಣೆಯೊಳಗೆ ಕೂರಿಸಿ, ಕಿವಿಗೆ ಯಂತ್ರ ಹಚ್ಚಿ, ಸದ್ದು ಕೇಳಿದಾಗಲೆಲ್ಲ ಗುಂಡಿಯೊತ್ತಲು ಹೇಳಿದರು. ವೈನಿ ಜಪಮಣಿ ಎಣಿಸುವ ಏಕಾಗ್ರತೆಯಿಂದ ಒತ್ತಿದರು. ಡಾಕ್ಟರು ಹೊರಗೆ ಬಂದು ನಕ್ಕರು. “ಅಜ್ಜೀ, ನಿಮ್ಮ ಕಿವಿ ಚೊಕ್ಕ ಇದೆ. ಈ ವಯಸ್ಸಿಗೆ ಇಂಥ ಕಿವಿ ಅಪರೂಪ. ನಿಮ್ಮ ಜೊತೆ ಬಂದವರದ್ದನ್ನೇ ಬೇಕಾದರೆ ನೋಡುವಾ.”

ನನಗೆ ಹಾಯೆನಿಸಿತು. ವೈನಿಗೆ ಮಾತ್ರ ಭೂಮಿಯೇ ಕುಸಿದಂತಾಯಿತು. ಬಸ್ಸಿನಲ್ಲಿ ಅವರು ಕಿಟಕಿಯ ಕಡೆಗೆ ತಿರುಗಿ ಕುಳಿತರು. ಹಾರವಾಡ ದಾಟಿದ ಮೇಲೆ, ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದರು:

“ಕಿವಿ ಸರಿ ಉಂಟು ತಮಾ. ನಿನ್ನ ಮಾತು ಕೇಳ್ತದೆ, ಕಾಗೆ ಕೂಗಿದ್ದು ಕೇಳ್ತದೆ, ಕಂಡಕ್ಟರು ಬೈದದ್ದು ಕೇಳ್ತದೆ. ದೇವರ ಬಾಗಿಲಲ್ಲಿ ನಿಂತ್ರೆ ಅವನ ಹೆಸರು ಮಾತ್ರ ಕೇಳೂದಿಲ್ಲ. ಅಂದ್ರೆ ಅವನೇ ನನಗೆ ಕೇಳಿಸಬಾರದು ಅಂತ ಮಾಡಿದ್ದಾನೆ. ನನ್ನಿಂದ ಎಂಥ ಪಾಪ ಆಗಿರಬೇಕು?”

ಓದುಗರೇ, ಆ ಮುಖವನ್ನು ನೀವು ನೋಡಬೇಕಾಗಿತ್ತು. ನಾನು ಜೀವಮಾನವೆಲ್ಲ ಶಾಸ್ತ್ರ ಓದಿದವನು. ಕರ್ಮ, ಪ್ರಾರಬ್ಧ, ಭಗವಂತನ ಪರೀಕ್ಷೆ ಎಂದು ನನಗೆ ತಿಳಿದದ್ದನ್ನೆಲ್ಲ ಅಂಕೋಲೆಯ ತಿರುವು ಬರುವವರೆಗೆ ಹೇಳಿದೆ. ಅವರು ತಲೆಯಾಡಿಸಿದರು. ಮಾತು ಮುಗಿದ ಮೇಲೆ, “ಹೌದು, ಪರೀಕ್ಷೆಯೇ ಆಗಿರಬೇಕು. ನಾನು ಪಾಸಾಗಲಿಲ್ಲ,” ಎಂದರು. ಅಂದಿನಿಂದ ಅವರು ಬೆಳಗಿನ ಹೊತ್ತು ರಂಗೋಲಿಯನ್ನು ಬೇಗ ಮುಗಿಸಿ, ಸ್ತೋತ್ರ ಹಚ್ಚುವ ಮೊದಲೇ ಹಿತ್ತಿಲಿಗೆ ಹೋಗತೊಡಗಿದರು. ಕರೆಯದವನ ಮನೆಯ ಬಾಗಿಲಿನಲ್ಲಿ ನಿಲ್ಲುವುದಕ್ಕೆ ಸಂಕೋಚಪಡುವವರಂತೆ. ಮುಂದಿನ ಏಕಾದಶಿಗೆ ಅವರು ಭಜನೆಗೇ ಹೋಗಲಿಲ್ಲ. ಗುಲಾಬಿ ಮನೆಗೆ ಬಂದಳು.

“ಬಾಯೀ, ಎಂಥಾ ಆಗಿದೆ ನಿಮಗೆ? ದೋಣಿ ದಡಕ್ಕೆ ಎಳೀಬೇಕಾದ್ರೆ ಒಬ್ಬ ಪದ ಎತ್ತಬೇಕು. ಅವ ಎತ್ತದಿದ್ರೆ ಹತ್ತು ಜನ ಹಗ್ಗ ಹಿಡಿದ್ರೂ ದೋಣಿ ಅಲ್ಲಾಡೂದಿಲ್ಲ. ನಾ ಎತ್ತಿದೆ ಮೊನ್ನೆ. ಎಲ್ಲ ಒಂದೊಂದು ದಿಕ್ಕಿಗೆ ಎಳೆದ್ರು. ದೇವರು ಮಧ್ಯೆ ನಿಂತು ತಲೆ ಚಚ್ಕಂಡಿರಬೇಕು.”

ವೈನಿ ಅವಳಿಗೆ ಬೆಲ್ಲ, ನೀರು ಕೊಟ್ಟು ಕಳಿಸಿದರು.

ಇಷ್ಟರಲ್ಲಿ ಬೆಳಂಬಾರದ ದಾಯಾದಿಗಳ ಮನೆಯಲ್ಲಿ ಗಂಡು ಮಗು ಹುಟ್ಟಿತು. ಸಂತೋಷದ ಸುದ್ದಿಯೇ, ಆದರೆ ಒಂದೇ ಕುಲದವರಾದ್ದರಿಂದ ನಮಗೂ ವೃದ್ಧಿ ಬಂತು. ಹುಟ್ಟಿನಿಂದ ಬರುವ ಮೈಲಿಗೆಗೆ ನಮ್ಮ ಕಡೆ ಹೇಳುವ ಮಾತು ಅದು. ಆ ದಿನಗಳು ಕಳೆಯುವವರೆಗೆ ಪೂಜೆಯಿಲ್ಲ. ಅಣ್ಣ ಸ್ತೋತ್ರವನ್ನೂ ಹಚ್ಚಲಿಲ್ಲ. ವೃದ್ಧಿ ಕಳೆಯುವ ದಿನ ಬೆಳಿಗ್ಗೆ ವೈನಿ ಮನೆಯ ಮಡಿಬಟ್ಟೆಗಳನ್ನೆಲ್ಲ ಬಾವಿಕಟ್ಟೆಗೆ ಹೊತ್ತರು. ತಿರುಗಿ ಬಂದು ಸ್ಪೀಕರುಗಳ ಎದುರಿಗೆ ನಿಂತರು.

“ತಮಾ, ಇದನ್ನೂ ಬಿಚ್ಚು.”

“ಇದನ್ನೇಕೆ, ವೈನಿ?”

“ಮಡಿ ಅಂತ ಹೇಳಿದವ ನೀನೇ. ಮಡಿಯಾದ್ರೆ ವೃದ್ಧಿ ಕಳೆದ ದಿನ ಒಗೀಬೇಕು.”

“ಪಟ್ಟೆಯಲ್ಲವೇ? ಪಟ್ಟೆಯನ್ನು ನಿತ್ಯ ಒಗೆಯಬೇಕೆಂಬ ವಿಧಿಯಿಲ್ಲ.”

“ನಿತ್ಯ ಯಾರು ಒಗಿ ಅಂದ್ರು? ವೃದ್ಧಿಗೆ ಒಗಿ ಅಂದೆ. ಶಾಸ್ತ್ರ ಹೇಳುವವ ಪೂರ್ತಿ ಹೇಳಬೇಕು.”

ಎಷ್ಟು ಕಷ್ಟಪಟ್ಟು ಬಿಗಿದ ಬಟ್ಟೆ! ಅದನ್ನು ಬಿಚ್ಚಲು ಮನಸ್ಸಿರಲಿಲ್ಲ. ಆದರೆ ತರ್ಕದಲ್ಲಿ ಸೋತಿದ್ದೆ. ನಾನು ಹೊದಿಸಿದ ಮಡಿಗೆ ನಾನೇ ಬದ್ಧ. ಮೊಳೆಗಳನ್ನು ಕಿತ್ತು ಕೊಟ್ಟೆ. ಬಾವಿಕಟ್ಟೆಯ ಮೇಲೆ ಮೈದಾ ಗಂಜಿಯೆಲ್ಲ ಬೆಳ್ಳಗೆ ಹರಿದುಹೋಯಿತು. “ಇದು ಬಟ್ಟೆಯೋ, ದೋಸೆಯೋ?” ಎಂದು ವೈನಿ ಅಲ್ಲಿಂದಲೇ ಕೇಳಿದರು. ಪಟ್ಟೆಯ ತುಂಡುಗಳನ್ನು ತಂತಿಗೆ ಹರವಿ ಅಡುಗೆಮನೆಗೆ ನಡೆದರು.

ಅಣ್ಣನಿಗೆ ಬಟ್ಟೆ ಒಣಗುವವರೆಗೆ ತಾಳ್ಮೆ ಎಲ್ಲಿಯದು? ಬಹಳ ದಿನಗಳ ಉಪವಾಸ. ಬರಿಮೈಯಲ್ಲಿ ನಿಂತ ಪೆಟ್ಟಿಗೆಗಳಿಗೆ ಹಾಗೆಯೇ ಸ್ತೋತ್ರ ಹಚ್ಚಿದ. ನಾನು ಜನಿವಾರ ಸರಿಪಡಿಸಿಕೊಳ್ಳುತ್ತ ಬಾಗಿಲಿನಲ್ಲಿದ್ದೆ. ಒಳಗೆ ಹಿತ್ತಾಳೆಯ ಪಾತ್ರೆಯೊಂದು ನೆಲಕ್ಕೆ ಬಿದ್ದು ಉರುಳಿದ ಸದ್ದಾಯಿತು. ವೈನಿ ಒದ್ದೆ ಕೈಯಲ್ಲಿಯೇ ಹೊರಗೆ ಬಂದರು.

“ಶಿವ ಅಂದ,” ಎಂದರು.

ನಾನೂ ಅಣ್ಣನೂ ಮುಖ ನೋಡಿಕೊಂಡೆವು.

“ಶಿವ ಅಂದ ತಮಾ! ಮತ್ತೆ ಹಚ್ಚಿ. ಮೊದಲಿಂದ ಹಚ್ಚಿ.”

ಅಣ್ಣ ಮತ್ತೆ ಹಚ್ಚಿದ. ವೈನಿ ಹೊಸಿಲಿನ ಮೇಲೆ ಕುಳಿತುಬಿಟ್ಟರು. ಶಿವ ಬಂದ, ಕೇಶವ ಬಂದ, ಶ್ರೀಹರಿ ಶ್ರೀಸಮೇತನಾಗಿ ಬಂದ. ಒಬ್ಬೊಬ್ಬರು ಬಂದಾಗಲೂ ವೈನಿ ಬಹುಕಾಲದ ಮೇಲೆ ನೆಂಟರನ್ನು ಕಂಡವರಂತೆ ತಲೆಯಾಡಿಸಿದರು. ಅವರ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಅದನ್ನು ಒರೆಸಿಕೊಳ್ಳಬೇಕೆಂಬ ನೆನಪೂ ಇರಲಿಲ್ಲ.

ಆ ಕ್ಷಣದಲ್ಲಿ ನನ್ನ ಮಂದಬುದ್ಧಿಗೆ ಏನೋ ಹೊಳೆಯಿತು. ಹಿತ್ತಿಲಿಗೆ ಓಡಿ, ತಂತಿಯ ಮೇಲಿನ ಒದ್ದೆ ಪಟ್ಟೆಯನ್ನು ತಂದು, ಎರಡು ಪದರ ಮಡಚಿ ಪೆಟ್ಟಿಗೆಯ ಎದುರಿಗೆ ಹಿಡಿದೆ. ‘ಇವ’ ಎಂದಿತು ಪೆಟ್ಟಿಗೆ. ತೆಗೆದೆ; ‘ಶಿವ’. ಹಿಡಿದೆ, ‘ಇವ’. ವೈನಿ ಮೊದಲು ಬಾಯಿ ತೆರೆದು ನೋಡಿದರು. ಆಮೇಲೆ ಶುರುವಾದ ನಗು ನಿಲ್ಲಲೇ ಇಲ್ಲ.

“ದೇವರ ಉಸಿರು ಕಟ್ಟಿಸಿದ್ಯಲ್ಲೋ ತಮಾ! ಮಡಿ ಉಡಿಸ್ತೆ ಅಂತ ಹೇಳಿ ಮೂಗೂ ಬಾಯೂ ಕಟ್ಟಿದ್ಯಲ್ಲೋ!”

ಉಸಿರು ಎಂಬ ಆ ಒಂದು ಮಾತು ನನ್ನ ಎದೆಗೆ ನಾಟಿತು. ಶ, ಷ, ಸ, ಹ, ಇವು ಊಷ್ಮಾಕ್ಷರಗಳು. ನಾಲಿಗೆ ಎಲ್ಲಿಯೂ ಪೂರ್ತಿ ಮುಚ್ಚದೆ, ಬರಿಯ ಉಸಿರು ಉಜ್ಜಿಕೊಂಡು ಹೊರಡುವುದರಿಂದ ಹುಟ್ಟುವಂಥವು. ಮಕ್ಕಳ ಅಂಗೈಯನ್ನು ಅವರ ಬಾಯಿಯ ಎದುರಿಗೆ ಹಿಡಿಸಿ, “ಬಿಸಿ ತಾಗಿತೇ?” ಎಂದು ಕೇಳಿ ನಾನು ಪಾಠ ಮಾಡಿದ ಅಕ್ಷರಗಳವು. ಉಳಿದ ಅಕ್ಷರಗಳು ಪಟ್ಟೆಯ ಗೋಡೆಯನ್ನು ಹೇಗೋ ಗುದ್ದಿಕೊಂಡು ಹೊರಗೆ ಬಂದವು. ಈ ಬಡ ಉಸಿರಿನ ಅಕ್ಷರಗಳು ಮಾತ್ರ ಒಳಗೇ ಉಳಿದುಹೋದವು. ಭಗವಂತ ಯಾರ ಮೇಲೂ ಮುನಿದಿರಲಿಲ್ಲ. ನನ್ನ ಶ್ರದ್ಧೆ ಸ್ವಲ್ಪ ದಪ್ಪವಾಗಿತ್ತು, ಅಷ್ಟೇ.

ಮುಂದಿನ ಕೆಲಸಕ್ಕೆ ಮೂವರೂ ಜಗಲಿಯಲ್ಲಿ ಕುಳಿತೆವು. ಮನೆಯಲ್ಲಿದ್ದ ಬಟ್ಟೆಗಳೆಲ್ಲ ಹೊರಬಿದ್ದವು. ಯಾವ ಬಟ್ಟೆ ಸೈ, ಯಾವುದು ಸಲ್ಲ ಎಂದು ಪ್ರತಿಸಲವೂ ಸ್ತೋತ್ರ ಹಚ್ಚಿ ನೋಡುವುದು ಬೇಡವೆಂದು ಅಣ್ಣನೇ ಉಪಾಯ ಹೇಳಿದ. “ಊದಿ ನೋಡುವಾ. ಆಚೆ ಕೈಗೆ ಉಸಿರು ತಾಗಿದ್ರೆ ಆಯ್ತು. ನಿಮಗೆ ಕಿವಿ ಬೇಕು, ನನಗೆ ಅಂಗೈ ಸಾಕು.” ಕಿವಿಯ ವಿಷಯವನ್ನು ಅವನಾಗಿಯೇ ಆಡಿದ್ದು ಅದೇ ಮೊದಲು. ಹೀಗೆ ಕಿವಿ ಮಂದವಾದವನೇ ಪರೀಕ್ಷಕನಾದ. ನನ್ನ ಪಂಚೆಯನ್ನು ಊದಿ, “ನಪಾಸು,” ಎಂದ. ಕಿಟಕಿಯ ಪರದೆಯನ್ನು ಹತ್ತಿರಕ್ಕೂ ಸೇರಿಸಲಿಲ್ಲ. ಕೊನೆಗೆ ವೈನಿ ಹಳೆಯ ನೂಲಿನ ಸೀರೆಯೊಂದನ್ನು ತಂದರು. ಒಗೆದು ಒಗೆದು ಮಂಜಿನಂತಾದ, ಕೆಂಪೋ ಕಂದೋ ಹೇಳಲಾಗದ ಬಣ್ಣದ್ದು. ಅಣ್ಣ ಊದಿದ. ಅವನ ಮುಖ ಅರಳಿತು.

“ಉಟ್ಟ ಸೀರೆ,” ಎಂದು ನಾನು ಮೆಲ್ಲಗೆ ಗೊಣಗಿದೆ.

“ಹೌದು, ಉಟ್ಟದ್ದೇ. ಇದನ್ನುಟ್ಟೇ ಇಷ್ಟು ವರ್ಷ ಅವನ ಹೆಸರು ಹೇಳಿದ್ದೇನೆ,” ಎಂದರು ವೈನಿ. “ಅವ ಆಗ ಬೇಡ ಅನ್ನಲಿಲ್ಲ.”

ನಾನು ಕತ್ತರಿ ತರಲು ಎದ್ದೆ.

ಬಟ್ಟೆಯೆಳೆಯುವುದೂ ಒಂದು ವಿದ್ಯೆಯೇ. ಮೊದಲು ನಾನು ಒಂದು ಮೂಲೆಯಿಂದ ಎಳೆಯುತ್ತ ಹೋದೆ. ಎಳೆಗಳೆಲ್ಲ ಗಾಳಿಗೆ ಬಾಗಿದ ಗದ್ದೆಯ ಪೈರಿನಂತೆ ಓರೆಯಾದವು. “ನೆರಿಗೆ ಹಿಡಿಯದವನ ಕೆಲಸ,” ಎಂದು ವೈನಿ ಬಿ‍ಚ್ಚಿಸಿದರು. ಎರಡನೆಯ ಸಲ ನಟ್ಟನಡುವಿನಿಂದ ಆರಂಭಿಸಿದೆವು. ಮೇಲೊಂದು ಮೊಳೆ, ಅದಕ್ಕೆ ಎದುರಾಗಿ ಕೆಳಗೊಂದು, ಎಡಕ್ಕೊಂದು, ಬಲಕ್ಕೊಂದು, ಹೀಗೆ ನಡುವಿನಿಂದ ಮೂಲೆಯ ಕಡೆಗೆ. ಮೂಲೆ ಬಂದಾಗ ವೈನಿ ಬಟ್ಟೆಯನ್ನು ಪತ್ರೊಡೆಯ ಎಲೆಯಂತೆ ಒಳಕ್ಕೆ ಮಡಚಿ, ಗಂಟು ಕಾಣದಂತೆ ಹಿಡಿದುಕೊಟ್ಟರು. ಬಟ್ಟೆಗೆ ನೀರು ಚಿಮುಕಿಸಿ ನೆರಳಿನಲ್ಲಿ ಒಣಗಲು ಬಿಟ್ಟಾಗ ಅದು ತಾನಾಗಿಯೇ ಬಿಗಿಯಿತು. ಮೈದಾ ಅಂಟನ್ನು ಚೌಕಟ್ಟಿನ ಹಿಂಬದಿಗೆ ಮಾತ್ರ, ಬೆರಳಿನ ಅಗಲಕ್ಕೆ ಹಚ್ಚಿದೆವು. ತೆಳು ಬಟ್ಟೆಯ ಹಿಂದೆ ಸ್ಪೀಕರಿನ ದುಂಡನೆಯ ಬಾಯಿ ಕಾಣುತ್ತಿತ್ತು. ಅಣ್ಣ ಸುತ್ತಲಿನ ಮರಕ್ಕೆ ಕಪ್ಪು ಬಣ್ಣ ಬಳಿದು ಅದನ್ನೂ ಮರೆಸಿದ. ತೀರ್ಥರೂಪರ ಪಟ್ಟೆಯ ತುಂಡುಗಳು ಸಾಲಿಗ್ರಾಮದ ಪೆಟ್ಟಿಗೆಗೆ ಹಾಸಾದವು. ಅಲ್ಲಿ ಅವು ಯಾರ ಬಾಯನ್ನೂ ಕಟ್ಟುವುದಿಲ್ಲ.

ಆ ಏಕಾದಶಿಗೆ ನಾನೂ ಭಜನೆಗೆ ಹೋದೆ. ವೈನಿ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕುಳಿತರು. ಗುಲಾಬಿ ತಾಳವನ್ನು ಎತ್ತಿ ಹಿಡಿದು ಕಾದಳು. ಪದದ ಮೊದಲ ಅಕ್ಷರವೇ ಸಕಾರ. ಆ ಸಕಾರವನ್ನು ವೈನಿ ಎಷ್ಟು ಸ್ಪಷ್ಟವಾಗಿ, ಎಷ್ಟು ಸಾವಕಾಶವಾಗಿ ಉಚ್ಚರಿಸಿದರೆಂದರೆ ದೀಪದ ಕುಡಿ ಅಲ್ಲಾಡಿತೋ ಎಂದು ನನಗೆ ಭ್ರಮೆಯಾಯಿತು. ಆಮೇಲೆ ಎಲ್ಲರೂ ಒಟ್ಟಿಗೆ ಎತ್ತಿಕೊಂಡರು. ಮಂಗಳಾರತಿ ಮುಗಿದ ಮೇಲೆ ಗುಲಾಬಿ, “ಬದುಕ್ದೆ ಬಾಯೀ! ಇನ್ನೊಂದು ಏಕಾದಶಿ ನಾ ಎತ್ತಿದ್ರೆ ದೇವರೇ ಗುಡಿ ಬಿಟ್ಟು ಗೋಕರ್ಣಕ್ಕೆ ಹೋಗ್ತಿದ್ದ,” ಎಂದು ವೈನಿಯ ಭುಜಕ್ಕೊರಗಿ ನಕ್ಕಳು.

ಈ ಸುದ್ದಿ ಹಬ್ಬಿ, ಮಲ್ಲಾಪುರದಿಂದಲೂ ಕಾರವಾರದಿಂದಲೂ ಕೆಲವರು ತಮ್ಮ ಹಳೆಯ ಪೆಟ್ಟಿಗೆಗಳನ್ನು ಹೊತ್ತು ನಮ್ಮ ಜಗಲಿಗೆ ಬಂದದ್ದುಂಟು. ನಾವು ಮೂವರೂ ಕೂಡಿ ಅವಕ್ಕೆ ಬಟ್ಟೆ ಹಾಕಿ ಕೊಟ್ಟಿದ್ದೇವೆ. ವೃದ್ಧಾಪ್ಯದಲ್ಲಿ ಇಂಥದೊಂದು ಕಸುಬು ಒದಗೀತೆಂದು ಯಾವ ಜಾತಕದಲ್ಲಿಯೂ ಬರೆದಿರಲಿಲ್ಲ.

ಬಸ್ಸು ಅಂಕೋಲೆ ಸೇರಿತು. ನಾನು ಕಟ್ಟನ್ನು ಕಂಕುಳಲ್ಲಿಟ್ಟು ಮನೆಗೆ ಬಂದೆ. ವೈನಿಗೆ ಈಗ ಎಂಬತ್ತು ದಾಟಿದೆ. ಅಂದು ಬಾರದಿದ್ದ ಕಿವುಡು ಈ ವರ್ಷ ನಿಜವಾಗಿಯೇ ಬಂದಿದೆ. ಇನ್ನೂ ತೆಳುವಾದ ಬಟ್ಟೆಯನ್ನು ತಾ ಎಂದು ನನ್ನನ್ನು ಕಾರವಾರಕ್ಕೆ ಅಟ್ಟಿದವರು ಅವರೇ. ಕಿವುಡಿನ ಸುದ್ದಿ ತಿಳಿದ ದಿನ ನಾನು ಹೆದರಿದ್ದೆ. ಬಸ್ಸಿನ ಕಿಟಕಿಗೆ ತಿರುಗಿದ ಆ ಮುಖವನ್ನು ಮತ್ತೆ ನೋಡಬೇಕಾದೀತೆಂದು. ಅಂಥದೇನೂ ಆಗಲಿಲ್ಲ. “ಕಿವಿ ಹಳತಾಯ್ತು, ಅಷ್ಟೇ. ಅವ ಎಲ್ಲಿಗೂ ಹೋಗಲಿಲ್ಲ,” ಎಂದರು. ಡಾಕ್ಟರು ಕೊಟ್ಟ ಯಂತ್ರವನ್ನು ಹಾಕಿಕೊಳ್ಳಲು ಇಷ್ಟು ದಿನ ಪುರಸತ್ತಿಲ್ಲವೆನ್ನುತ್ತಿದ್ದವರು ಇಂದು, ಏಕಾದಶಿಯೆಂದು, ತಾವಾಗಿಯೇ ಕಿವಿಗೆ ಸಿಕ್ಕಿಸಿಕೊಂಡಿದ್ದರು. ಅಣ್ಣ ಎದುರಿಗೆ ಕುಳಿತು ಅದನ್ನು ಅನುಮಾನದಿಂದ ನೋಡುತ್ತಿದ್ದ. ಅವನ ಯಂತ್ರ ಇನ್ನೂ ಡಬ್ಬಿಯಲ್ಲಿಯೇ ಇದೆ.

ಹೊರಗೆ ರಿಕ್ಷಾ ನಿಂತಿತ್ತು. ಅದರೊಳಗಿನಿಂದ ಗುಲಾಬಿ ಭಜನೆಗೆ ಬೇಗ ಬರುವಂತೆ ಕೂಗುತ್ತಿದ್ದಳು. ವೈನಿ ಸೆರಗನ್ನು ಸರಿಪಡಿಸಿಕೊಳ್ಳಲು ಕೈಯೆತ್ತಿದವರು ಹಾಗೆಯೇ ನಿಂತರು. ಕೈಯನ್ನು ಕಿವಿಯ ಹತ್ತಿರ ತಂದು ಅಲ್ಲಾಡಿಸಿದರು. ಮತ್ತೊಮ್ಮೆ ಅಲ್ಲಾಡಿಸಿದರು.

“ಅಯ್ಯೋ ತಮಾ,” ಎಂದರು, “ನನ್ನ ಬಳೆ ಇಷ್ಟು ಗಲಾಟೆ ಮಾಡ್ತದಾ? ಇಷ್ಟು ವರ್ಷ ನೀವಿಬ್ಬರೂ ಹ್ಯಾಂಗೆ ತಡ್ಕಂಡ್ರಿ?”